ಉಮಾನಾಥನ ಮದುವೆಗೆ ಬಂದವನು

ಕಾಪು
೯ ಜೂನ್ ೧೯೮೩

ಮಗಳೇ ಕುಶಲಾ,

ಇಲ್ಲಿ ಮಳೆ ಹಿಡಿಯಿತು, ನಿನ್ನ ಅತ್ತೆಗೆ ಮೊಣಗಂಟು ಹಿಡಿಯಿತು. ನನಗೆ ಮಾತ್ರ ಬಸ್ಸಿನ ಹುಚ್ಚು ಬಿಟ್ಟು ಬೇರೇನೂ ಹಿಡಿಯುವುದಿಲ್ಲ ಅಂತ ಅವಳ ದೂರು. ಊರುಗಳ ಹೆಸರು ಕೂಗುವ ಬಸ್ ಏಜೆಂಟ್ ಕೆಲಸ ಬಿಟ್ಟ ಮೇಲೂ ಮುದ್ದಣ್ಣ ಬಸ್ ಸ್ಟ್ಯಾಂಡ್ ಬಿಡಲಿಲ್ಲ ಅಂತ ಊರಿನವರೂ ನಗುತ್ತಾರೆ. ಏನು ಮಾಡುವುದು? ಮಣಿಪಾಲದ ಡಾಕ್ಟರಮ್ಮ ಒಪ್ಪಿಸಿದ ಕೆಲಸವೇ ಅಂಥದ್ದು. ಮನಸ್ಸಿನ ಕಾಯಿಲೆಯವರು ವಾರ್ಡಿನಿಂದ ಮನೆಗೆ ಹೋದ ಮೇಲೆ ಅವರ ಅಂಗಳಕ್ಕೆ ಹೋಗಿ ಕೂರಬೇಕು. ಮಾತ್ರೆ ನುಂಗಿದರಾ, ಸ್ನಾನ ಆಯಿತಾ, ಮನೆಯವರು ಕೋಣೆಗೆ ಚಿಲಕ ಹಾಕುತ್ತಾರಾ, ನೋಡಬೇಕು. ಕಾರ್ಕಳದಲ್ಲಿ ಒಬ್ಬಳನ್ನು ಬೀಡಿ ಕಟ್ಟಲು ಕೂರಿಸಿದೆ. ಈಗ ಅವಳು ನನಗೇ ಬುದ್ಧಿ ಹೇಳುತ್ತಾಳೆ. ದಾರಿ ತಪ್ಪಿ ತಿರುಗುವವರು ಕಣ್ಣಿಗೆ ಬಿದ್ದರೆ ಕಂಡಕ್ಟರುಗಳು ಸುದ್ದಿ ಮುಟ್ಟಿಸುತ್ತಾರೆ. ನಮ್ಮ ಟೆಲಿಫೋನು ಅದೇ.

ಇನ್ನು ಬರೆಯುವುದನ್ನು ಕೂತುಕೊಂಡು ಓದು.

ಮೊನ್ನೆ ಕಾರ್ಕಳ ಬಸ್ಸಿನ ಕಂಡಕ್ಟರ್ ಅಣ್ಣು ಹೇಳಿದ, "ಮುದ್ದಣ್ಣ, ಬೆಳ್ಮಣ್ಣಿನಲ್ಲಿ ಒಬ್ಬ ಉಂಟು ಮಾರಾಯ್ರೆ. ಎಷ್ಟು ಮಳೆ ಬಂದರೂ ಅಂಗಡಿಯ ಮಾಡಿನ ಅಡಿಗೆ ಬರುವುದಿಲ್ಲ. ಯಾರಿಗೂ ಉಪದ್ರವಿಲ್ಲ. ಆದರೂ ನೋಡಿದರೆ ಹೆದರಿಕೆ ಆಗ್ತದೆ." ಹೋದೆ. ಗಡ್ಡ ಎದೆಗೆ ಬಂದಿತ್ತು. ಮೈಯಲ್ಲಿ ಎಲುಬು ಮಾತ್ರ. ನಾನು ಪಕ್ಕದಲ್ಲಿ ಕೊಡೆ ಹಿಡಿದು ಸುಮ್ಮನೆ ನಿಂತೆ. ಬಸ್ಸು ಹೊರಟಾಗ ಅವನು ಮೆಲ್ಲಗೆ, ತನ್ನಷ್ಟಕ್ಕೆ, "ಪಡುಬಿದ್ರಿ, ಉಚ್ಚಿಲ, ಮೂಳೂರು, ಕಾಪು" ಎಂದ. ಕೊನೆಯ ಕಾಪುವನ್ನು ನಾನು ಎಳೆದು ಕೂಗುತ್ತಿದ್ದ ಹಾಗೆಯೇ ಎಳೆದ. ಸಣ್ಣದಿರುವಾಗ ನನ್ನನ್ನು ಅಣಕಿಸಲು ಹಾಗೆ ಕೂಗುತ್ತಿದ್ದವನು ಒಬ್ಬನೇ.

ನಿನ್ನ ಅಣ್ಣ ಉಮಾನಾಥ ಬದುಕಿದ್ದಾನೆ ಮಗಳೇ. ಮಣಿಪಾಲದಲ್ಲಿ ಸೇರಿಸಿದ್ದೇನೆ. ಅತ್ತೆ ಅಳುತ್ತಾ ನಗುತ್ತಾ ಪಾಯಸ ಮಾಡಿ ಉಪ್ಪು ಹಾಕಿದಳು.

ನಿನ್ನ ಮಾವ
ಮುದ್ದಣ್ಣ


ಸಾಂತಾಕ್ರೂಜ್, ಮುಂಬಯಿ
೨೦ ಜೂನ್ ೧೯೮೩

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ಕಾಗದ ಸಿಕ್ಕಿತು. ನಿಮಗೆ ತಪ್ಪು ತಿಳುವಳಿಕೆ ಆಗಿದೆ. ನಿಮ್ಮ ಕೂಗು ಆ ರಸ್ತೆಯಲ್ಲಿ ಕೇಳದವರು ಯಾರಿದ್ದಾರೆ?

ಅಣ್ಣ ಮನೆ ಬಿಟ್ಟು ಹೋಗಿ ಏಳು ವರ್ಷ ಸುದ್ದಿಯಿಲ್ಲದಾಗ ಕವಡೆ ಹಾಕಿಸಿದ್ದು ನಾನೊಬ್ಬಳೇ ಅಲ್ಲ, ನೀವೂ ಪಕ್ಕದಲ್ಲಿ ಕೂತಿದ್ದಿರಿ. ಸತ್ತಿದ್ದಾನೆ, ಕುಲೆಯಾದ ಅವನ ಪ್ರೇತಕ್ಕೆ ಮದುವೆಯಾಗಿಲ್ಲ, ಅದಕ್ಕೇ ತಂಗಿಯ ಹೊಟ್ಟೆಯಲ್ಲಿ ಮಗು ನಿಲ್ಲುವುದಿಲ್ಲ ಅಂತ ಬಂತು. ಗೋತ್ರದ ಹಾಗೆ ಬಳಿ ಬೇರೆಯಾಗಬೇಕೆಂದು ವಿಚಾರಿಸಿ ವಿಚಾರಿಸಿ, ಸಣ್ಣದಿರುವಾಗಲೇ ತೀರಿಹೋದ ಹುಡುಗಿಯ ಮನೆಯನ್ನು ನೀವೇ ಹುಡುಕಿದಿರಿ. ಎರಡು ಕುರ್ಚಿ ಇಟ್ಟು, ಒಂದರಲ್ಲಿ ಅಂಗಿ ಮುಂಡು, ಇನ್ನೊಂದರಲ್ಲಿ ಸೀರೆ ಕರಿಮಣಿ ಇಟ್ಟು ಧಾರೆ ಎರೆಯಿಸಿದವರು ನೀವು. ಈಗ ಯಾರನ್ನೋ ಕರೆತಂದು ಉಮಾನಾಥ ಅನ್ನುತ್ತೀರಿ.

ಇವರು ಕ್ಷೇಮ. ಮಗಳು ಸುಜಯಾ ಈಗ ತುಳುವಿನಲ್ಲಿ ಜಗಳ ಮಾಡುತ್ತಾಳೆ. ಅತ್ತೆಯ ಮೊಣಗಂಟಿಗೆ ಎಣ್ಣೆ ಕಳುಹಿಸುತ್ತೇನೆ.

ಇತಿ
ಕುಶಲಾ


ಕಾಪು
೫ ಜುಲೈ ೧೯೮೩

ಮಗಳೇ,

ಗಡ್ಡ ತೆಗೆಸಿದ ಮೇಲೆ ನಿನ್ನ ಅಮ್ಮನ ಗಲ್ಲವೇ ಹೊರಗೆ ಬಂತು. ನನಗೆ ಅಕ್ಕ ಎದ್ದು ಬಂದ ಹಾಗಾಯಿತು. ಎಡ ಹುಬ್ಬಿನ ಗಾಯ, ನೀನು ಕಡೆಗೋಲಿನಲ್ಲಿ ಹೊಡೆದದ್ದು, ಹಾಗೇ ಉಂಟು. ಸಂಶಯ ಬೇಡ.

ಜ್ವರ ಬಿಟ್ಟಿತು, ಇಂಜೆಕ್ಷನ್ ಆಯಿತು. ಮನೆಯವರ ನಡುವೆ ಇದ್ದರೆ ಬೇಗ ಸುಧಾರಿಸಬಹುದು ಅಂತ ಡಾಕ್ಟರಮ್ಮ ಕಳುಹಿಸಿದರು. ಆದರೆ ಇಲ್ಲಿ ನಮಗೆ ತಿಳಿಯದ ಸಂಗತಿ ಏನೋ ಉಂಟು.

ಅವನು ಹೊಸ್ತಿಲು ದಾಟುವುದಿಲ್ಲ. ಕೊಟ್ಟಿಗೆಯ ಆಚೆ, ಅಂಗಳ ಮುಗಿಯುವಲ್ಲಿ ಕೂರುತ್ತಾನೆ. ಅನ್ನ ಹಾಕಿ ಎದುರು ನಿಂತರೆ ಮುಟ್ಟುವುದಿಲ್ಲ. ನಾವು ಉಂಡಾದ ಮೇಲೆ ಬಾಳೆಲೆಯಲ್ಲಿ ಬಡಿಸಿ, ನೀರಿಟ್ಟು, ಬೆನ್ನು ಹಾಕಿ ಬಂದು ಬಾಗಿಲು ಮುಚ್ಚಬೇಕು. ಆಗ ಉಣ್ಣುತ್ತಾನೆ. ನಿನ್ನ ಅತ್ತೆ ಮೊದಲು ಗಲಾಟೆ ಮಾಡಿದಳು. "ಇದು ಆಟಿ ತಿಂಗಳಲ್ಲಿ ಕುಲೆಗಳಿಗೆ ಬಡಿಸುವ ಕ್ರಮ. ಇರುವ ಮಗನಿಗೆ ನಾನು ಹೀಗೆ ಬಡಿಸುವುದಾ?" ಅಂತ. ಹಸಿವು ನೋಡಲಾಗದೆ ಈಗ ಬಡಿಸುತ್ತಾಳೆ. ಬಾಗಿಲ ಹಿಂದೆ ನಿಂತು ಎಲೆಯ ಸದ್ದು ಕೇಳುತ್ತಾಳೆ.

ಮಾತ್ರೆ ಕೊಟ್ಟರೆ ಅಂಗೈಯಲ್ಲಿಟ್ಟು ನೋಡುತ್ತಾನೆ. ಕೋಪವಿಲ್ಲ, ಹಟವಿಲ್ಲ. "ಸತ್ತವರಿಗೆ ಮಾತ್ರೆ ಯಾಕೆ ಮಾವ? ಇರುವವರಿಗೆ ಕೊಡಿ" ಅನ್ನುತ್ತಾನೆ. ಅಷ್ಟು ಮರ್ಯಾದೆಯಲ್ಲಿ ಹೇಳುತ್ತಾನೆ ಕುಶಲಾ, ನನಗೆ ಒಂದು ಕ್ಷಣ ನನ್ನದೇ ತಪ್ಪೋ ಅನಿಸುತ್ತದೆ.

ನಿನ್ನೆ ಮಲ್ಲಿಗೆ ತಂದುಕೊಡಿ ಎಂದ. ಶಂಕರಪುರದ್ದೇ ಆಗಬೇಕಂತೆ. ಯಾರಿಗೆ ಅಂದೆ. "ವಿನೋದಾ ಕೇಳುತ್ತಿದ್ದಾಳೆ" ಎಂದ.

ಧಾರೆ ಎರೆಯಿಸಿದ ಆ ಸತ್ತ ಹುಡುಗಿಯ ಹೆಸರನ್ನು ಇವನ ಎದುರು ನಾನು ಎತ್ತಿದವನಲ್ಲ. ಅತ್ತೆಯೂ ದೇವರ ದೀಪ ಮುಟ್ಟಿ ಇಲ್ಲ ಅಂದಳು. ಮನಸ್ಸಿನ ಕಾಯಿಲೆಯವರು ಇಲ್ಲದವರ ಜೊತೆ ಮಾತಾಡುವುದು ನನಗೆ ಹೊಸತಲ್ಲ. ಆದರೆ ಹೆಸರು ಎಲ್ಲಿಂದ ಬಂತು? ನಿನಗೆ ಗೊತ್ತಿದ್ದರೆ ಬರೆ.

ನಿನ್ನ ಮಾವ


ಮುಂಬಯಿ
೧೫ ಜುಲೈ ೧೯೮೩

ಮಾವ,

ನಿಮ್ಮ ಕಾಗದ ಓದಿದ ಮೇಲೆ ನನಗೆ ದೀಪ ಆರಿಸಲು ಹೆದರಿಕೆ. ಇವರಿಗೆ ತೋರಿಸಲಿಲ್ಲ.

ಹೆಸರು ಎಲ್ಲಿಂದ ಬಂತು ಅಂತ ನನ್ನನ್ನು ಕೇಳುತ್ತೀರಲ್ಲ! ಹೆಂಡತಿಯ ಹೆಸರು ಗಂಡನಿಗೆ ಗೊತ್ತಿರುವುದಿಲ್ಲವಾ? ಹೊಸ್ತಿಲು ದಾಟುವುದಿಲ್ಲ, ಕುಲೆಯ ಎಲೆಯಲ್ಲೇ ಉಣ್ಣುತ್ತಾನೆ, ಸತ್ತಿದ್ದೇನೆ ಅಂತ ಬಾಯಲ್ಲೇ ಹೇಳುತ್ತಾನೆ. ಇನ್ನೆಂತ ಬೇಕು ನಿಮಗೆ? ನೀವು ಅಂಗಳದಲ್ಲಿ ಕೂರಿಸಿಕೊಂಡದ್ದು ಯಾರನ್ನು ಅಂತ ನನಗೆ ಈಗ ಗೊತ್ತಾಯಿತು. ನಾನು ಅವನನ್ನು ಮೊದಲೇ ನೋಡಿದವಳು.

ಮರೆತಿರಾ? ಆ ಸಂಜೆ ಧಾರೆ ಮುಗಿದು ಊಟ ನಡೆಯುವಾಗ ನಾನು ಓಡಿ ಬಂದು, ಅಣ್ಣ ಬಂದಿದ್ದ ಅಂತ ಹೇಳಿದ್ದೆ. ಎಲ್ಲರೂ ಕೈ ಮುಗಿದರು. ಕುಲೆ ಮದುವೆಗೆ ಒಪ್ಪಿ ತಾನೇ ಬಂದು ಉಂಡು ಹೋಯಿತು ಅಂತ ಅತ್ತೆ ಕಣ್ಣೊರಸಿಕೊಂಡರು. ಚಪ್ಪರದ ಆಚೆ, ಬೆಳಕು ಸರಿಯಾಗಿ ಬೀಳದ ಕಡೆ ನಿಂತಿದ್ದ. ಗಡ್ಡ, ಕೆಂಪು ಕಣ್ಣು. ನಾನು ಎಲೆ ಹಾಕಿ ಬಡಿಸಿದೆ. ತಲೆಯೆತ್ತದೆ ಉಂಡ. ಎರಡನೇ ಸಲ ಸಾರು ಕೇಳಿದ, ಹಾಕಿದೆ. ಆಮೇಲೆ ಕೈ ಮುಗಿದು ಹೇಳಿದೆ, "ಅಣ್ಣ, ನಿನಗೆ ಮಾಡಬೇಕಾದ್ದು ಮಾಡಿದ್ದೇವೆ. ಇನ್ನು ಈ ಮನೆ ನಿನ್ನದಲ್ಲ. ಬೆಳ್ಮಣ್ಣಿಗೆ ಹೋಗು, ವಿನೋದಾ ಕಾಯುತ್ತಾಳೆ. ಪುನಃ ಬರಬೇಡ." ನನ್ನನ್ನು ಒಮ್ಮೆ ನೋಡಿ, ತಲೆ ಆಡಿಸಿ, ಗದ್ದೆಯ ಕಡೆ ಇಳಿದು ಹೋದ. ಬದುಕಿರುವ ಅಣ್ಣನಾದರೆ ತಂಗಿ ಹೋಗು ಅಂದ ಕೂಡಲೇ ಹಾಗೆ ಹೋಗುತ್ತಿದ್ದನಾ?

ಮರುವರ್ಷ ಸುಜಯಾ ಹುಟ್ಟಿದಳು. ಅವನನ್ನು ಎಲ್ಲಿಂದ ತಂದಿರೋ ಅಲ್ಲಿಗೇ ಬಿಟ್ಟು ಬನ್ನಿ.

ಕುಶಲಾ


ಕಾಪು
೨೫ ಜುಲೈ ೧೯೮೩

ಕುಶಲಾ,

ನಿನ್ನ ಕಾಗದ ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ಎಷ್ಟು ಹೊತ್ತು ಕೂತೆನೋ. ಅಣ್ಣು ಬಂದು, "ಎಂತ ಮುದ್ದಣ್ಣ, ಯಾರಾದರೂ ಹೋದರಾ?" ಅಂದ. ಇಲ್ಲ ಮಾರಾಯ, ಬಂದಿದ್ದರು ಅಂದೆ.

ಆ ಸಂಜೆ ನಾನೂ ಕೈ ಮುಗಿದವನೇ. ಕುಲೆ ಬರುತ್ತದೆ ಅಂತ ಕಾಯುತ್ತಿದ್ದೆವು, ಬಂದವನನ್ನು ಕುಲೆ ಅಂದೆವು. ಈಗ ನಿನ್ನ ಒಂದೇ ಸಾಲು ನನ್ನನ್ನು ಚುಚ್ಚುತ್ತಾ ಉಂಟು. ಸತ್ತವನು ಎರಡನೇ ಸಲ ಸಾರು ಕೇಳುತ್ತಾನಾ ಮಗಳೇ?

ಮನೆಗೆ ಬಂದು ಅವನ ಪಕ್ಕ ಕೂತು ಕೇಳಿದೆ, "ಉಮ, ನಿನ್ನ ಮದುವೆಯ ದಿವಸ ನೀನೆಲ್ಲಿದ್ದೆ?" ಮಳೆ ನೋಡುತ್ತಾ ಹೇಳಿದ. ತಲೆಯೊಳಗಿನ ಗಲಾಟೆ ಸ್ವಲ್ಪ ಕಡಿಮೆಯಾದ ಒಂದು ದಿವಸ ಅಮ್ಮನನ್ನು ನೋಡುವ ಅಂತ ಊರಿಗೆ ಬಂದನಂತೆ. ಅಮ್ಮ ಹೋದ ಸುದ್ದಿ ಅವನಿಗೆ ಗೊತ್ತಿಲ್ಲ. ನಮ್ಮ ಅಂಗಳದಲ್ಲಿ ಚಪ್ಪರ. ದಾರಿಯಲ್ಲಿ ಯಾರನ್ನೋ, ಯಾರ ಮದುವೆ ಅಂತ ಕೇಳಿದ. "ಮುದ್ದಣ್ಣನ ಅಳಿಯ ಉಮಾನಾಥನದ್ದು. ಪಾಪ, ಸತ್ತು ಕಾಲವಾಯಿತು" ಅಂದರು. "ನನಗೂ ಅನುಮಾನ ಇತ್ತು ಮಾವ," ಎಂದ. "ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಅವತ್ತು ಕುಶಲಾ ಹೇಳಿದ ಮೇಲೆ ಸರಿ ಗೊತ್ತಾಯಿತು."

ನೀನು ಹೋಗು ಅಂದ ಊರಿಗೆ ಹೋದ. ಪುನಃ ಬರಬೇಡ ಅಂದೆ, ಬರಲಿಲ್ಲ. ಅಷ್ಟು ವರ್ಷ ಮಾಡಿನ ಅಡಿಗೂ ನಿಲ್ಲದೆ, ತಂಗಿಗೆ ಕೊಟ್ಟ ಮಾತು ನಡೆಸಿಕೊಂಡು, ಒಳ್ಳೆಯ ಕುಲೆಯಾಗಿ ಇದ್ದ.

ನಿನ್ನನ್ನು ದೂರುವುದಿಲ್ಲ. ಆದರೆ ನೀನು ಬರಬೇಕು. ನಾನು ಹೇಳಿದರೆ ಅವನು ನಂಬುವುದಿಲ್ಲ.

ನಿನ್ನ ಮಾವ


ಮುಂಬಯಿ
೧೩ ಆಗಸ್ಟ್ ೧೯೮೩

ಮಾವ,

ಬರುವುದಿಲ್ಲ.

ನೀವು ಬರೆದದ್ದು ನಿಜವೇ ಇರಲಿ. ಹಾಗಾದರೆ ಮದುವೆ ಸುಳ್ಳು. ಬದುಕಿರುವವನನ್ನು ಸತ್ತವಳಿಗೆ ಕೊಟ್ಟದ್ದಾಯಿತು. ಆ ಸುಳ್ಳಿನ ಮೇಲೆ ನನಗೊಂದು ಮಗು ಸಿಕ್ಕಿತು. ಈಗ ನಾನು ಬಂದು, ಅಣ್ಣ ನೀನು ಸತ್ತಿಲ್ಲ ಅಂದರೆ, ಸತ್ತವರ ಕಡೆಯವರು ಅವನ ಬದಲಿಗೆ ಯಾರನ್ನು ಕೇಳುತ್ತಾರೆ?

ನಿಮ್ಮ ಕಾಗದ ಬಂದ ದಿವಸದಿಂದ ಸುಜಯಾಳಿಗೆ ಜ್ವರ. ನಡುಗುತ್ತಾಳೆ, ಬಿಡುತ್ತದೆ, ಪುನಃ ಬರುತ್ತದೆ. ನಿದ್ದೆಯಲ್ಲಿ ಯಾರನ್ನೋ ಬಾ ಅನ್ನುತ್ತಾಳೆ.

ದಮ್ಮಯ್ಯ, ಇನ್ನು ಬರೆಯಬೇಡಿ.


ಕಾಪು
೩೦ ಆಗಸ್ಟ್ ೧೯೮೩

ಮಗಳೇ,

ಬರೆಯಬೇಡ ಅಂದೆ. ಬರೆಯುತ್ತಿದ್ದೇನೆ. ಸೋದರಮಾವ ಅಂದಮೇಲೆ ಅಷ್ಟು ಅಧಿಕಾರ ಬೇಡವಾ?

ಮೊದಲು ಮಗುವಿನ ಸಂಗತಿ. ನಡುಗಿ ಬರುವ ಜ್ವರ, ಬಿಟ್ಟು ಬರುವ ಜ್ವರ, ಮುಂಬಯಿಯ ಮಳೆಗಾಲ. ರಕ್ತ ಪರೀಕ್ಷೆ ಮಾಡಿಸಿದೆಯಾ? ಈ ಕಾಗದ ಓದಿ ಮುಗಿಸುವ ಮೊದಲು ಎದ್ದು ಹೋಗಿ ಮಾಡಿಸು. ನಿನ್ನ ಹೆದರಿಕೆಯನ್ನು ನಾನು ನಗಾಡುವುದಿಲ್ಲ. ಕುಲೆ ಇಲ್ಲ, ದೈವ ಇಲ್ಲ ಅಂತ ನಾನೂ ಹೇಳಿದವನಲ್ಲ. ಆದರೆ ಮಗುವಿನ ಮೈ ಬಿಸಿಯಾದರೆ ಮೊದಲು ಡಾಕ್ಟರು.

ಇನ್ನು ಅವನು. ಆಟಿ ಮುಗಿದ ಮೇಲೆ ಅಂಗಳದಲ್ಲೂ ಇಲ್ಲ. "ಸತ್ತವರು ಮನೆಯ ಹತ್ತಿರ ಬಹಳ ದಿವಸ ಇರಬಾರದು, ಮಗುವಿಗೆ ಆಗುವುದಿಲ್ಲ" ಎಂದ. ಯಾವ ಮಗು? ಸುಜಯಾಳ ಸಂಗತಿಯನ್ನು ಅವನ ಹತ್ತಿರ ಯಾರೂ ಹೇಳಿಲ್ಲ. ಅತ್ತೆ ನಾನು ಮುಖ ಮುಖ ನೋಡಿಕೊಂಡೆವು. ನಾನು ನಿನ್ನ ಕಾಗದವನ್ನು ಅವಳಿಗೆ ಓದಿ ಹೇಳುವಾಗ ಕೇಳಿರಬೇಕು ಅಂತ ಅಂದುಕೊಂಡೆ. ಮಳೆಯ ಸದ್ದಿನಲ್ಲಿ ಅಷ್ಟು ದೂರಕ್ಕೆ ಕೇಳುತ್ತದಾ ಅಂತ ಅವಳು ಕೇಳಿದಳು.

ಈಗ ಕಡಲ ಬದಿಯ, ಕೇದಗೆಯಂಥ ಮುಂಡೇವಿನ ಪೊದೆಯ ಹತ್ತಿರ ಇದ್ದಾನೆ. ಅನ್ನ ಅಲ್ಲಿಗೇ ಒಯ್ಯುತ್ತೇನೆ. ಅರ್ಧ ಬಿಡುತ್ತಾನೆ. ನೀರಿನ ಕಡೆ ನೋಡುತ್ತಾ, "ಅವಳನ್ನು ಇನ್ನು ಕಾಯಿಸಬಾರದು" ಅನ್ನುತ್ತಾನೆ. ಮೀನುಗಾರರು ಪಾಪ ಪಾಳಿ ಹಾಕಿ ನೋಡಿಕೊಳ್ಳುತ್ತಿದ್ದಾರೆ. ಈ ಕಡಲು ಯಾವತ್ತಾದರೂ ಒಂದು ದಿವಸ ನಮ್ಮ ಕಣ್ಣು ತಪ್ಪಿಸುತ್ತದೆ.

ಡಾಕ್ಟರಮ್ಮ ತಾವೇ ಬಂದರು. ಮರಳಲ್ಲಿ ಅವನ ಪಕ್ಕ ಕೂತು ಮಾತಾಡಿಸಿ, ಇಂಜೆಕ್ಷನ್ ಕೊಟ್ಟು, ನನ್ನನ್ನು ಈಚೆ ಕರೆದು ಹೇಳಿದರು, "ಮುದ್ದಣ್ಣ, ತಲೆಯೊಳಗಿನ ಗಲಾಟೆಗೆ ನನ್ನ ಹತ್ತಿರ ಔಷಧ ಉಂಟು. ಆದರೆ ಹೋಗು ಅಂದದ್ದು ತಂಗಿ. ಬಾ ಅನ್ನಲಿಕ್ಕೂ ಅವಳೇ ಬೇಕು."

ಬಾ ಮಗಳೇ. ಅಧಿಕಾರ ಅಂದೆನಲ್ಲ, ಅದನ್ನು ಬಿಟ್ಟೆ. ಕೈ ಮುಗಿದು ಕೇಳುತ್ತಿದ್ದೇನೆ.

ಮುದ್ದಣ್ಣ


ಮುಂಬಯಿ
೧೪ ಸೆಪ್ಟೆಂಬರ್ ೧೯೮೩

ಮಾವ,

ಮಲೇರಿಯಾ. ಮಾತ್ರೆಯಲ್ಲಿ ಇಳಿಯಿತು. ನಿನ್ನೆಯಿಂದ ಗಂಜಿ ಉಣ್ಣುತ್ತಾಳೆ, ತಂಟೆ ಮಾಡುತ್ತಾಳೆ. ನಿದ್ದೆಯಲ್ಲಿ ಯಾರನ್ನು ಕರೆಯುತ್ತಿದ್ದೆ ಅಂತ ಕೇಳಿದೆ. ಬೆಕ್ಕನ್ನಂತೆ.

ಮುಂದಿನ ವಾರದ ಶನಿವಾರದ ಬಸ್ಸಿಗೆ ಇವರು ಟಿಕೆಟ್ ಮಾಡಿಸಿದ್ದಾರೆ. ಮಗುವನ್ನು ಕರೆತರುತ್ತೇನೆ. ಹೆದರಿಕೆ ಹೋಗಿಲ್ಲ. ಅವನನ್ನು ಹೇಗಾದರೂ ಅಂಗಳಕ್ಕೆ ಕರೆತನ್ನಿ. ಎಲೆ ನಾನೇ ಹಾಕುತ್ತೇನೆ ಅಂತ ಅತ್ತೆಗೆ ಹೇಳಿ.

ಕುಶಲಾ


ಕಾಪು
೩೦ ಅಕ್ಟೋಬರ್ ೧೯೮೩

ಮಗಳೇ ಕುಶಲಾ,

ನೀವು ಹೋದ ಮೇಲೆ ಮನೆ ಸಪ್ಪೆ. ಸುಜಯಾ ಬೆಕ್ಕಿಗೆ ಇಟ್ಟ ಹೆಸರನ್ನು ಬೆಕ್ಕು ಒಪ್ಪಿಕೊಂಡಿದೆ, ಅತ್ತೆ ಒಪ್ಪಿಕೊಂಡಿಲ್ಲ.

ಆ ಮಧ್ಯಾಹ್ನದ ಸಂಗತಿ ನಿನಗೇ ಬರೆಯುವುದೆಂತ, ನೀನೇ ಮಾಡಿದವಳು. ಆದರೂ ಒಂದು ಹೇಳುತ್ತೇನೆ. ನೀನು ಬಡಿಸಿ ಬೆನ್ನು ಹಾಕಿ ಬರುತ್ತಿ ಅಂತ ನಾವು ಬಾಗಿಲಲ್ಲಿ ಕಾದಿದ್ದೆವು. ನೀನು ಅವನ ಎದುರು ಕೂತು, ಅವನ ಎಲೆಗೇ ಕೈ ಹಾಕಿ ಒಂದು ತುತ್ತು ಉಂಡೆ. ಅತ್ತೆ ನನ್ನ ತೋಳು ಚಿವುಟಿದ ಜಾಗ ಇನ್ನೂ ನೀಲಿ ಉಂಟು. "ಎದ್ದು ಒಳಗೆ ಬಾ ಅಣ್ಣ, ಅನ್ನ ತಣಿಯುತ್ತದೆ" ಅಂದೆಯಲ್ಲ, ಬೈದ ಹಾಗೆ. ಅವನು ಮೊದಲು ನಿನ್ನ ಕೈ ನೋಡಿದ, ಆಮೇಲೆ ತನ್ನ ಕೈ. ಹೊಸ್ತಿಲಲ್ಲಿ ಕಾಲು ಎತ್ತಿದವನು, ನೀರಿಗೆ ಇಳಿಯುವವನ ಹಾಗೆ ಮೆಲ್ಲಗೆ ಇಟ್ಟ.

ಈಗ ಮಾತ್ರೆ ತಾನೇ ಕೇಳಿ ನುಂಗುತ್ತಾನೆ. ಚಾವಡಿಯಲ್ಲಿ ಮಲಗುತ್ತಾನೆ. ಬೆಳಿಗ್ಗೆ ನನ್ನ ಜೊತೆ ಬಸ್ ಸ್ಟ್ಯಾಂಡಿಗೆ ಬಂದು ಊರುಗಳ ಹೆಸರು ಕೂಗುತ್ತಾನೆ. "ನಿಮ್ಮದಕ್ಕಿಂತ ಇವರ ಸ್ವರ ವಾಸಿ ಮುದ್ದಣ್ಣ" ಅಂತ ಅಣ್ಣುವಿನ ಕುಚೋದ್ಯ. ವಿನೋದಾಳ ಮಾತು ಕೇಳುವುದು ಕಡಿಮೆಯಾಗಿ, ನವರಾತ್ರಿಯ ನಂತರ ನಿಂತೇ ಹೋಯಿತು ಅಂತ ಡಾಕ್ಟರಮ್ಮನಿಗೆ ಅವನೇ ಹೇಳಿದ. ಅವರು ನನ್ನ ಬೆನ್ನು ತಟ್ಟಿದರು.

ಕಳೆದ ವಾರ ಅವನೇ ಹೇಳಿದ, "ಮಾವ, ನಾನು ಸತ್ತಿಲ್ಲ ಅಂತ ಆ ಮನೆಯವರಿಗೂ ಹೇಳಬೇಕಲ್ವಾ? ನಂಬಿಕೊಂಡಿರುವವರು." ನ್ಯಾಯವೇ. ನಿನ್ನೆ ಬೆಳ್ಮಣ್ಣಿಗೆ ಹೋದೆವು. ಹುಡುಗಿಯ ತಾಯಿ ಅಪ್ಪಿಯಕ್ಕ ಗದ್ದೆಯ ಬದಿಯಲ್ಲಿ ಹುಲ್ಲು ಕೊಯ್ಯುತ್ತಿದ್ದರು. ನಾನು ಎಲ್ಲ ಹೇಳಿದೆ. ಬೈಯಲಿ, ಕತ್ತಿ ತೋರಿಸಲಿ, ಯಾವುದಕ್ಕೂ ತಯಾರಿದ್ದೆ. ಅವರು ಇವನನ್ನು ನೋಡಿದರು, ಕತ್ತಿ ಕೆಳಗಿಟ್ಟರು.

"ಅಳಿಯಂದಿರು ಹೊರಗೆ ನಿಲ್ಲಬಾರದು. ಒಳಗೆ ಬನ್ನಿ" ಎಂದರು.

ಬೆಲ್ಲ ನೀರು ಕೊಟ್ಟರು. ಪ್ರತಿ ಆಟಿಯಲ್ಲಿ ಅಂಗಳದ ತುದಿಯಲ್ಲಿ ಮಗಳಿಗೂ ಅಳಿಯನಿಗೂ ಎರಡು ಎಲೆ ಹಾಕುತ್ತಿದ್ದರಂತೆ. ಬೆಳಗಾಗುವಾಗ ಎರಡೂ ಖಾಲಿ ಇರುತ್ತಿದ್ದವಂತೆ. ಒಂದು ಎಲೆಯಲ್ಲಿ ಉಂಡದ್ದು ತಾನು ಅಂತ ಇವನು ಒಪ್ಪಿಕೊಂಡ. ಇನ್ನೊಂದನ್ನು ನಾಯಿ ತಿಂದಿರಬಹುದು ಅಂತ ನಾನು ಹೇಳಿದೆ. ಇಬ್ಬರೂ ನನ್ನ ಮಾತಿಗೆ ಕಿವಿ ಕೊಡಲಿಲ್ಲ.

ಹೊರಡುವಾಗ ಅಪ್ಪಿಯಕ್ಕ ಇವನ ಕೈ ಹಿಡಿದುಕೊಂಡು ಕೇಳಿದರು, "ಅವಳು ಹೇಗಿದ್ದಾಳೆ?"

ಇಷ್ಟು ತಿಂಗಳ ಔಷಧ, ನೀನು ಉಂಡ ತುತ್ತು, ಎಲ್ಲ ಆ ಒಂದು ಉತ್ತರಕ್ಕೆ ತೂಗುತ್ತಿತ್ತು.

"ಚೆನ್ನಾಗಿದ್ದಾಳೆ ಅತ್ತೆ," ಎಂದ. ಸ್ವಲ್ಪ ಯೋಚಿಸಿ, "ಕೂದಲು ಪುನಃ ಬಂದಿದೆ. ಸೊಂಟದವರೆಗೆ ಉಂಟು."

ಅಪ್ಪಿಯಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಜಗಲಿಯಲ್ಲಿ ಕೂತುಬಿಟ್ಟರು. ಜ್ವರದಲ್ಲಿ ಮಗುವಿನ ತಲೆ ಬೋಳಿಸಿದ್ದರಂತೆ. ಹಾಗೆಯೇ ಹೋಯಿತಂತೆ. ಸಂಬಂಧ ಮಾತಾಡುವಾಗ ಅದನ್ನು ನಮಗೆ ಯಾರೂ ಹೇಳಿರಲಿಲ್ಲ. ಬೆಳ್ಮಣ್ಣಿನಲ್ಲಿ ತಿರುಗುವಾಗ ಇವನ ಕಿವಿಗೆ ಬಿದ್ದಿರಬಹುದು. ಊರಿನಲ್ಲಿ ಮಾತಾಡುವವರು ಇದ್ದೇ ಇರುತ್ತಾರೆ. ಆ ತಾಯಿಯ ಮುಖ ನೋಡಿ ಪಾಪ ಕಂಡು ಹೇಳಿದನೋ, ಕಂಡದ್ದನ್ನೇ ಹೇಳಿದನೋ, ನನಗೆ ತಿಳಿಯಲಿಲ್ಲ. ನಾವು ಬರುವಾಗ ಅವರು ಅಳುತ್ತಿದ್ದರು. ಆದರೆ ಅಂಥ ಹಗುರವಾದ ಅಳುವನ್ನು ನಾನು ಬೇರೆ ಯಾವ ಅಂಗಳದಲ್ಲೂ ನೋಡಿಲ್ಲ.

ಗುರುವಾರ ಡಾಕ್ಟರಮ್ಮ ಕೇಳುತ್ತಾರೆ, ಪುನಃ ಏನಾದರೂ ಕಾಣುತ್ತದಾ, ಕೇಳುತ್ತದಾ ಅಂತ. ಅದಕ್ಕೆ ಉತ್ತರ ಕೊಡುವುದು ನನ್ನ ಕೆಲಸ. ಬಸ್ಸಿನಲ್ಲೇ ಅವನನ್ನು ಕೇಳಿಬಿಡಬೇಕು ಅಂತ ಬಾಯಿ ತೆರೆದೆ. ಮೂವರ ಸೀಟು. ನಾನು ಈ ತುದಿಯಲ್ಲಿ ಕೂತಿದ್ದೆ. ಅವನು ಕಿಟಕಿಯ ಬದಿಯ ಜಾಗ ಖಾಲಿ ಬಿಟ್ಟು ನಡುವೆ ಕೂತು, ಹೊರಗೆ ನೋಡುತ್ತಿದ್ದ. ಅವನಿಗೆ ಇಕ್ಕಟ್ಟಾಗುತ್ತಿತ್ತು.

ನಾನು ಬಾಯಿ ಮುಚ್ಚಿ, ಆಗುವಷ್ಟು ಈಚೆ ಸರಿದು ಕೂತೆ.

ನಿನ್ನ ಮಾವ
ಮುದ್ದಣ್ಣ